ಗಣಕಯಂತ್ರದ ಪಿತಾಮಹ ಅಲನ್ ಟ್ಯೂರಿಂಗ್: ಕಡೆಯ ಅಂಕಿಯ ಬೆನ್ನು ಹತ್ತಿದ ಬಾಳು

ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರ ಹೆಸರನ್ನು ಕೇಳದ ವಿದ್ಯಾವಂತರು ಇಂದು ವಿರಳ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿಯನ್ನು ಭೇದಿಸಿದವರಲ್ಲಿ ಪ್ರಮುಖರೆಂದೂ, ಗಣಕಯಂತ್ರವೆಂಬುದು ಹುಟ್ಟುವ ಮೊದಲೇ ಅದರ ತತ್ತ್ವವನ್ನು ಕಾಗದದ ಮೇಲೆ ನಿರೂಪಿಸಿದವರೆಂದೂ ಅವರು ಜಗತ್ತಿಗೆ ಪರಿಚಿತರು. ಅವರ ಮತ್ತೊಂದು ಕೊಡುಗೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಲೆಕ್ಕ ಮಾಡುವಾಗ ಕಡೆಯ ಅಂಕಿಗಳನ್ನು ಬಿಟ್ಟುಬಿಟ್ಟರೆ, ಅಂದರೆ ನಾವು ಬ್ಯಾಂಕಿನವರು ದಿನವೂ ಮಾಡುವಂತೆ ರೌಂಡ್ ಆಫ್ ಮಾಡಿದರೆ, ಆ ಅಲ್ಪ ದೋಷ ಎಲ್ಲಿಯವರೆಗೆ ಬೆಳೆದೀತು ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಕಲಾ ವಿಭಾಗದ ಪದವೀಧರನಾದ ನನ್ನನ್ನು ಅವರ ಜೀವನದತ್ತ ಸೆಳೆದದ್ದು ಈ ಮೂರನೆಯ ಸಂಗತಿಯೇ.

ಟ್ಯೂರಿಂಗ್ ಮನೆತನಕ್ಕೂ ನಮ್ಮ ದಕ್ಷಿಣ ಭಾರತಕ್ಕೂ ಇದ್ದ ನಂಟು ಅನೇಕರಿಗೆ ತಿಳಿದಿರಲಾರದು. ತಂದೆ ಜೂಲಿಯಸ್ ಟ್ಯೂರಿಂಗ್ ಅವರು ಇಂಡಿಯನ್ ಸಿವಿಲ್ ಸರ್ವೀಸಿನ ಅಧಿಕಾರಿಯಾಗಿ ಮದರಾಸು ಪ್ರಾಂತದಲ್ಲಿ ಸೇವೆ ಸಲ್ಲಿಸಿದವರು. ಬಳ್ಳಾರಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳು ಅಂದು ಇದೇ ಪ್ರಾಂತಕ್ಕೆ ಸೇರಿದ್ದವು. ತಾಯಿ ಎಥೆಲ್ ಸಾರಾ ಅವರು 1881ರಲ್ಲಿ ಕೊಯಮತ್ತೂರಿನ ಸಮೀಪದ ಪೋದನೂರಿನಲ್ಲಿ ಜನಿಸಿದರು. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಅವರು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದರು. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದ ಕೀರ್ತಿ ಅವರದು. ಅಲನ್ ಅವರ ಅಣ್ಣ ಜಾನ್ ಹುಟ್ಟಿದ್ದು 1908ರಲ್ಲಿ ನೀಲಗಿರಿಯ ಕೂನೂರಿನಲ್ಲಿ. ತುಂಗಭದ್ರೆಯ ಸೇತುವೆ ಕಟ್ಟಿದವರ ಮೊಮ್ಮಗ ಗಣಕಯಂತ್ರದ ಪಿತಾಮಹನಾದನೆಂಬುದು, ಚೆನ್ನೈಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಕೊಂಚ ಹೆಮ್ಮೆಯ ಮಾತೇ ಸರಿ.

ಅಲನ್ ಮಾತ್ರ ಭಾರತವನ್ನು ಕಾಣಲಿಲ್ಲ. ಅವರು ಜನಿಸಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ತಂದೆಯ ಉದ್ಯೋಗ ಇಲ್ಲಿ, ಮಕ್ಕಳ ಬೆಳವಣಿಗೆ ಅಲ್ಲಿ. ಹೀಗಾಗಿ ಅಣ್ಣತಮ್ಮಂದಿರಿಬ್ಬರೂ ಹೇಸ್ಟಿಂಗ್ಸ್ ಪಟ್ಟಣದ ಪಕ್ಕದಲ್ಲಿದ್ದ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಪರರ ಆಶ್ರಯದಲ್ಲಿ ಬೆಳೆದರು. ತಂದೆತಾಯಿಗಳ ದರ್ಶನ ರಜೆಯ ದಿನಗಳಲ್ಲಿ ಮಾತ್ರ. ವರ್ಗಾವಣೆಯ ಉದ್ಯೋಗದಲ್ಲಿರುವ ನಮ್ಮ ಓದುಗರಿಗೆ ಈ ಅಗಲಿಕೆಯ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. 1926ರಲ್ಲಿ ಷರ್ಬರ್ನ್ ಶಾಲೆಗೆ ಸೇರುವ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರದಿಂದ ರೈಲುಗಳು ನಿಂತಿದ್ದವು. ಹದಿನಾಲ್ಕು ತುಂಬದ ಆ ಹುಡುಗ ಸೌತಾಂಪ್ಟನ್ನಿನಿಂದ ಅರವತ್ತು ಮೈಲಿಗೂ ಹೆಚ್ಚು ದೂರವನ್ನು ಸೈಕಲ್ ತುಳಿದು ಶಾಲೆ ಮುಟ್ಟಿದ. ಅದೇ ಶಾಲೆಯಲ್ಲಿ ದೊರೆತ ಆಪ್ತ ಮಿತ್ರ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಅಕಾಲ ಮರಣಕ್ಕೀಡಾದದ್ದು ಅಲನ್ ಅವರ ಮನಸ್ಸಿನ ಮೇಲೆ ಮಾಯದ ಗಾಯವನ್ನುಂಟುಮಾಡಿತು.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿ ಗಣಿತದಲ್ಲಿ ಪ್ರಥಮ ದರ್ಜೆ ಪಡೆದ ಟ್ಯೂರಿಂಗ್ ಅವರು, 1935ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ, ಅಲ್ಲಿ ಫೆಲೋ ಆದರು. ಅದಕ್ಕಾಗಿ ಸಲ್ಲಿಸಿದ ಪ್ರಬಂಧದ ವಿಷಯ ಕುತೂಹಲಕರವಾದುದು. ಒಂದಕ್ಕೊಂದು ಸಂಬಂಧವಿಲ್ಲದ ಅಸಂಖ್ಯ ಸಣ್ಣ ದೋಷಗಳು ಒಟ್ಟುಗೂಡಿದಾಗ ಮೊತ್ತದ ದೋಷ ಯಾವ ರೂಪ ತಾಳುತ್ತದೆ ಎಂಬುದೇ ಅದರ ಜಿಜ್ಞಾಸೆ. ಈ ಫಲಿತಾಂಶವನ್ನು 1922ರಲ್ಲಿಯೇ ಲಿಂಡೆಬರ್ಗ್ ಎಂಬ ಫಿನ್ಲೆಂಡಿನ ಗಣಿತಜ್ಞರು ಸಾಧಿಸಿದ್ದರೆಂಬುದು ಟ್ಯೂರಿಂಗ್ ಅವರಿಗೆ ತಿಳಿದಿರಲಿಲ್ಲ. ತಾವಾಗಿಯೇ ಮತ್ತೊಮ್ಮೆ ಕಂಡುಕೊಂಡರು. ಸಣ್ಣ ತಪ್ಪುಗಳ ದೊಡ್ಡ ಮೊತ್ತವೆಂಬ ವಿಷಯ ಹೀಗೆ ಅವರ ಮೊದಲ ಕೃತಿಯಲ್ಲಿಯೇ ಕಾಣಿಸಿಕೊಂಡಿತು.

ಮರುವರ್ಷ, 1936ರಲ್ಲಿ, ಅವರ ಅಜರಾಮರ ಲೇಖನ ಸಿದ್ಧವಾಯಿತು. ಕೊನೆಯಿಲ್ಲದ ಒಂದು ಪಟ್ಟಿ, ಅದರ ಮೇಲೆ ಒಂದೊಂದೇ ಚಿಹ್ನೆಯನ್ನು ಓದುವ, ಬರೆಯುವ, ಅಳಿಸುವ ಒಂದು ಕಾಲ್ಪನಿಕ ಯಂತ್ರ. ಇಷ್ಟರಿಂದಲೇ ಮನುಷ್ಯನು ನಿಯಮಾನುಸಾರ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಮಾಡಬಹುದೆಂದು ಅವರು ತೋರಿಸಿದರು. ಆ ಯಂತ್ರಕ್ಕೆ ಪಟ್ಟಿಯ ಕೊರತೆಯಿಲ್ಲ. ದಶಮಾಂಶದ ಅಂಕಿಗಳನ್ನು ಎಷ್ಟು ಬೇಕಾದರೂ ಬರೆಯುತ್ತ ಹೋಗಬಹುದು. ನಿಜವಾದ ಯಂತ್ರಕ್ಕೆ ಈ ಭಾಗ್ಯವಿಲ್ಲ. ಅದು ಇಂತಿಷ್ಟು ಅಂಕಿಗಳನ್ನು ಇಟ್ಟುಕೊಂಡು ಉಳಿದುದನ್ನು ಎಸೆಯಲೇಬೇಕು.

ಎಸೆಯುವುದೆಂದರೇನು ಎಂಬುದನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳಿತು. ನಮ್ಮ ಹಿರಿಯರ ಆಣೆ ಲೆಕ್ಕವನ್ನು ನೆನಪಿಸಿಕೊಳ್ಳೋಣ. ರೂಪಾಯಿಯ ಅರ್ಧ ಎಂಟಾಣೆ, ಅದರರ್ಧ ನಾಲ್ಕಾಣೆ, ಅದರರ್ಧ ಎರಡಾಣೆ, ಅದರರ್ಧ ಒಂದಾಣೆ, ಅರ್ಧಾಣೆ, ಕಾಲಾಣೆ. ಪ್ರತಿ ನಾಣ್ಯವೂ ಹಿಂದಿನದರ ಅರ್ಧ. ಗಣಕಯಂತ್ರದ ದ್ವಿಮಾನ ಪದ್ಧತಿಯೂ ಥೇಟ್ ಹೀಗೆಯೇ: ಅರ್ಧ, ಕಾಲು, ಅರೆಕಾಲು, ವೀಸ ಎಂದು ಇಳಿಯುತ್ತ ಹೋಗುತ್ತದೆ. ಈಗ ಇಂಥ ನಾಣ್ಯಗಳಿಂದ ರೂಪಾಯಿಯ ಹತ್ತನೇ ಒಂದು ಭಾಗವನ್ನು, ಅಂದರೆ ಹತ್ತು ಪೈಸೆಯನ್ನು, ಸರಿಯಾಗಿ ಎಣಿಸಿ ಕೊಡಿ ನೋಡೋಣ. ಒಂದಾಣೆ, ಅರ್ಧಾಣೆ ಕೊಟ್ಟರೆ ಒಂಬತ್ತು ಪೈಸೆ ಮೇಲೆ ಸ್ವಲ್ಪ ಆಗುತ್ತದೆ. ಮುಂದಿನ ಎರಡು ನಾಣ್ಯಗಳು ದೊಡ್ಡವಾದವು, ಅದರ ಮುಂದಿನೆರಡು ಹಿಡಿಸುತ್ತವೆ, ಮತ್ತೆರಡು ದೊಡ್ಡವು, ಮತ್ತೆರಡು ಹಿಡಿಸುತ್ತವೆ. ಎಷ್ಟು ಸಣ್ಣ ನಾಣ್ಯ ತಂದರೂ ಲೆಕ್ಕ ತೀರುವುದೇ ಇಲ್ಲ. ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.333 ಎಂದು ಕೊನೆಯಿಲ್ಲದೆ ಬರುವಂತೆ, ಯಂತ್ರಕ್ಕೆ 0.1 ಎಂಬುದೇ ಕೊನೆಯಿಲ್ಲದ ಸಂಖ್ಯೆ. ಇಂದಿನ ಗಣಕಗಳು ಸಾಮಾನ್ಯವಾಗಿ 53 ದ್ವಿಮಾನ ಅಂಕಿಗಳಲ್ಲಿ ಅದನ್ನು ತುಂಡರಿಸುತ್ತವೆ. ಆದುದರಿಂದಲೇ ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ವಿಚಿತ್ರ ಉತ್ತರ ಬರುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ತನ್ನಲ್ಲಿರುವ ನಾಣ್ಯಗಳಲ್ಲಿ ಆದಷ್ಟು ಹತ್ತಿರದ ಮೊತ್ತವನ್ನು ಎಣಿಸಿರುತ್ತದೆ.

1957ರ ಏಪ್ರಿಲ್ 1ರಂದು ನಮ್ಮಲ್ಲಿ ನಯಾಪೈಸೆ ಬಂದಾಗಲೂ ಇದೇ ತೊಡಕು ಬೀದಿಯಲ್ಲಿ ಕಾಣಿಸಿತ್ತು. ಒಂದಾಣೆಗೆ ಸರಿಯಾಗಿ 6.25 ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಆರೆಂದು ಎಣಿಸಬೇಕಾಯಿತು. ನಾಲ್ಕಾಣೆಯನ್ನು ಒಟ್ಟಿಗೆ ಕೊಟ್ಟವರಿಗೆ 25 ಪೈಸೆ, ಒಂದೊಂದೇ ಆಣೆಯಾಗಿ ನಾಲ್ಕು ಸಲ ಕೊಟ್ಟವರಿಗೆ 24.

ಇನ್ನು ಫ್ಲೋಟಿಂಗ್ ಪಾಯಿಂಟ್ ಎಂಬ ತೇಲುವ ಬಿಂದುವಿನ ವಿಷಯ. ಅತಿ ದೊಡ್ಡ, ಅತಿ ಸಣ್ಣ ಸಂಖ್ಯೆಗಳೆರಡನ್ನೂ ಒಂದೇ ಅಳತೆಯ ಚೀಲದಲ್ಲಿ ತುಂಬುವ ಉಪಾಯವಿದು. ಮುಖ್ಯವಾದ ಅಂಕಿಗಳು ಒಂದು ಕಡೆ, ಬಿಂದು ಎಲ್ಲಿದೆಯೆಂಬ ಸೂಚನೆ ಮತ್ತೊಂದು ಕಡೆ. ವಿಜ್ಞಾನಿಗಳಿಗೆ ಬಹಳ ಅನುಕೂಲ. ಆದರೆ ಸಂಖ್ಯೆ ದೊಡ್ಡದಾದಷ್ಟೂ ಎರಡು ನೆರೆಯ ಸಂಖ್ಯೆಗಳ ನಡುವಿನ ಅಂತರವೂ ದೊಡ್ಡದಾಗುತ್ತದೆ. 9,007,199,254,740,992 ಎಂಬ ಸಂಖ್ಯೆಗೆ ಈ ಕ್ರಮದಲ್ಲಿ ಒಂದನ್ನು ಕೂಡಿಸಿದರೆ ಉತ್ತರ ಮೊದಲಿನಷ್ಟೇ ಇರುತ್ತದೆ. ಒಂದು ರೂಪಾಯಿ ಜಮಾ ಆಗಿಯೂ ಪಾಸ್‌ಬುಕ್ಕಿನಲ್ಲಿ ಶಿಲ್ಕು ಬದಲಾಗದಂತೆ! ಹಣದ ಲೆಕ್ಕಕ್ಕೆ ಈ ಕ್ರಮ ಹೇಳಿಸಿದ್ದಲ್ಲ. ಅದಕ್ಕಾಗಿ ಕೋಬಾಲ್‌ನಂಥ ಭಾಷೆಗಳಲ್ಲಿ ದಶಮಾನ ಪದ್ಧತಿಯ ಲೆಕ್ಕಕ್ಕೇ ಏರ್ಪಾಡಿದೆ. ನಮ್ಮ ಬ್ಯಾಂಕುಗಳಲ್ಲಿ ಬಡ್ಡಿಯನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸುವ ನಿಯಮ ಎಲ್ಲರಿಗೂ ಗೊತ್ತಿರುವುದೇ: ಐವತ್ತು ಪೈಸೆ ಅಥವಾ ಮೇಲಿದ್ದರೆ ಒಂದು ರೂಪಾಯಿ, ಕೆಳಗಿದ್ದರೆ ಬಿಟ್ಟಂತೆ.

ಟ್ಯೂರಿಂಗ್ ಅವರ ಕಥೆಗೆ ಮರಳೋಣ. 1936ರಿಂದ 1938ರವರೆಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು ಅವರು ಸ್ವದೇಶಕ್ಕೆ ಹಿಂದಿರುಗಿದರು. ಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ಕೇಂದ್ರಕ್ಕೆ ಹಾಜರಾದರು. ಎನಿಗ್ಮಾ ಯಂತ್ರದ ಸಂದೇಶಗಳನ್ನು ಬಿಡಿಸುವ ಬಾಂಬ್ ಎಂಬ ಹೆಸರಿನ ಯಂತ್ರದ ವಿನ್ಯಾಸ, ಜರ್ಮನ್ ನೌಕಾಪಡೆಯ ಸಂಕೇತಗಳ ಮೇಲಿನ ವಿಜಯ, ಇವನ್ನು ಕುರಿತು ಪುಸ್ತಕಗಳೂ ಚಲನಚಿತ್ರವೂ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

1945ರ ಅಕ್ಟೋಬರಿನಲ್ಲಿ ಅವರು ಲಂಡನ್ನಿನ ಹೊರವಲಯದ ಟೆಡ್ಡಿಂಗ್ಟನ್‌ನಲ್ಲಿರುವ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಗಣಿತ ವಿಭಾಗವನ್ನು ಸೇರಿದರು. ಕೆಲವೇ ತಿಂಗಳಲ್ಲಿ ಏಸ್ ಎಂಬ ಗಣಕಯಂತ್ರದ ಸಂಪೂರ್ಣ ವಿನ್ಯಾಸವನ್ನು ಬರೆದು ಮುಗಿಸಿದರು. ಯಂತ್ರ ಕಟ್ಟುವ ಕೆಲಸ ಮಾತ್ರ ಮುಂದೆ ಸಾಗಲಿಲ್ಲ. 1946ರಲ್ಲಿ ಜೇಮ್ಸ್ ಹಾರ್ಡಿ ವಿಲ್ಕಿನ್ಸನ್ ಎಂಬ ತರುಣ ಅವರ ಸಹಾಯಕರಾಗಿ ಬಂದರು. ಅರ್ಧ ವೇಳೆ ಟ್ಯೂರಿಂಗ್ ಅವರ ಬಳಿ, ಉಳಿದರ್ಧ ಮೇಜಿನ ಮೇಲೆ ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳ ವಿಭಾಗದಲ್ಲಿ ಅವರ ಕೆಲಸ.

ಆ ದಿನಗಳಲ್ಲಿ ಗಣಿತಜ್ಞರನ್ನು ಒಂದು ಭಯ ಕಾಡುತ್ತಿತ್ತು. ಅನೇಕ ಅವ್ಯಕ್ತಗಳುಳ್ಳ ಏಕಕಾಲಿಕ ಸಮೀಕರಣಗಳನ್ನು ಬಿಡಿಸಲು ನಾವು ಶಾಲೆಯಲ್ಲಿ ಕಲಿತ ದಾರಿಯೇ ದಾರಿ: ಒಂದೊಂದೇ ಅವ್ಯಕ್ತವನ್ನು ನಿವಾರಿಸುತ್ತ ಹೋಗಿ, ಕೊನೆಗೆ ಉಳಿದ ಒಂದನ್ನು ಕಂಡುಹಿಡಿದು, ಹಿಂದಕ್ಕೆ ಬರುವುದು. ಗೌಸ್ ಮಹಾಶಯರ ಹೆಸರಿನಲ್ಲಿ ಅದು ಪ್ರಸಿದ್ಧ. ಪ್ರತಿ ಹೆಜ್ಜೆಯಲ್ಲೂ ಅಂಕಿಗಳನ್ನು ಕತ್ತರಿಸಲೇಬೇಕು. ಒಂದು ಹೆಜ್ಜೆಯ ದೋಷ ಮುಂದಿನದಕ್ಕೆ ದಾಟುತ್ತದೆ. 1943ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಅವರು, ಪ್ರತಿ ಹೆಚ್ಚುವರಿ ಸಮೀಕರಣಕ್ಕೆ ದೋಷ ನಾಲ್ಕು ಪಟ್ಟು ಬೆಳೆಯಬಹುದೆಂದು ಲೆಕ್ಕ ಹಾಕಿದ್ದರು. ಹದಿನೆಂಟು ಸಮೀಕರಣಗಳಿದ್ದರೆ ನಾಲ್ಕನ್ನು ನಾಲ್ಕರಿಂದ ಗುಣಿಸುತ್ತ ಹದಿನೇಳು ಮಜಲು ಏರಬೇಕು. ಅದು ಸುಮಾರು 1,718 ಕೋಟಿ ಪಟ್ಟು! ಹತ್ತು ಅಂಕಿಗಳ ಯಂತ್ರದಲ್ಲಿ ಲೆಕ್ಕ ಮಾಡಿದರೆ ಹತ್ತೂ ಅಂಕಿಗಳು ಕಸವಾಗಿ ಹೋದಾವು. ಹಾಗಾದರೆ ಕೋಟಿ ಕೋಟಿ ವೆಚ್ಚದಲ್ಲಿ ಗಣಕಯಂತ್ರ ಕಟ್ಟಿ ಪ್ರಯೋಜನವೇನು? ತಪ್ಪು ಉತ್ತರವನ್ನು ಬೇಗ ಪಡೆಯುವುದಕ್ಕೋ? ಯಂತ್ರವನ್ನೇ ಕಟ್ಟಲು ಹೊರಟಿದ್ದ ಟ್ಯೂರಿಂಗ್ ಅವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಇಂಥ ಸಮಯದಲ್ಲಿ ವಿಭಾಗದ ಮುಂದೆ ಸರಿಯಾಗಿ ಹದಿನೆಂಟು ಸಮೀಕರಣಗಳ ಒಂದು ಗಣಿತ ಬಂದು ಕುಳಿತಿತು. ಚರ್ಚೆ ಸಾಕು, ಮಾಡಿಯೇ ನೋಡೋಣವೆಂದು ಲೆಸ್ಲಿ ಫಾಕ್ಸ್, ಗುಡ್ವಿನ್, ವಿಲ್ಕಿನ್ಸನ್ ಮತ್ತು ಟ್ಯೂರಿಂಗ್ ನಾಲ್ವರೂ ಕೈ ಹಾಕಿದರು. ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ದೋಷ ಹಿಗ್ಗುತ್ತದಾದ್ದರಿಂದ, ಪ್ರತಿ ಹಂತದಲ್ಲೂ ಉಳಿದವುಗಳಲ್ಲಿ ಅತ್ಯಂತ ದೊಡ್ಡ ಗುಣಾಂಕವನ್ನು ಆರಿಸಿ ಅದರಿಂದಲೇ ನಿವಾರಣೆ ಮಾಡುವ ಎಚ್ಚರಿಕೆ ವಹಿಸಿದರು. ಟ್ಯೂರಿಂಗ್ ಅವರಿಗೆ ಉತ್ಸಾಹವಿರಲಿಲ್ಲ. ಮೇಜಿನ ಯಂತ್ರ ತಿರುಗಿಸುವುದರಲ್ಲಿ ಅವರ ಕೈ ಅಷ್ಟು ಪಳಗಿರಲಿಲ್ಲ. ಮೇಲಾಗಿ ಈ ಪ್ರಯತ್ನ ಸೋಲುವುದೇ ಖಂಡಿತವೆಂದು ಅವರು ನಂಬಿದ್ದರು. ನಾಲ್ವರಲ್ಲಿ ಅವರೇ ಹೆಚ್ಚಿನ ನಿರಾಶಾವಾದಿ.

ಲೆಕ್ಕ ಮುಗಿಯಿತು. ಬಂದ ಉತ್ತರಗಳನ್ನು ಮೂಲ ಸಮೀಕರಣಗಳಲ್ಲಿ ಇಟ್ಟು ತಾಳೆ ನೋಡಿದರು. ನಮ್ಮ ಕಡೆ ದಿನದ ಕೊನೆಗೆ ನಗದು ತಾಳೆ ನೋಡುವಾಗ ಎಷ್ಟು ಕಾತರವಿರುತ್ತದೆಯೋ ಅಷ್ಟೇ ಅಲ್ಲಿಯೂ ಇದ್ದಿರಬೇಕು. ವ್ಯತ್ಯಾಸ ಬಿದ್ದದ್ದು ಹತ್ತನೆಯ ದಶಮಾಂಶ ಸ್ಥಾನದಲ್ಲಿ ಮಾತ್ರ! ಉತ್ತರಗಳನ್ನು ಮತ್ತೆ ಸೂಕ್ಷ್ಮಗೊಳಿಸಿ ನೋಡಿದಾಗ, ಮೊದಲ ಸಲ ಬಂದ ಉತ್ತರಗಳಲ್ಲಿಯೇ ಸುಮಾರು ಆರು ಅಂಕಿಗಳು ನಿಖರವಾಗಿದ್ದುದು ಕಂಡಿತು. 1,718 ಕೋಟಿ ಪಟ್ಟಿನ ಭೂತ ಬರಲೇ ಇಲ್ಲ.

ಇದನ್ನು ಟ್ಯೂರಿಂಗ್ ಅವರ ಸೋಲೆಂದು ವಿಲ್ಕಿನ್ಸನ್ ಅವರು ಬಹಳ ವರ್ಷಗಳ ನಂತರ ಸಲುಗೆಯಿಂದ ಬಣ್ಣಿಸಿದ್ದುಂಟು. ನನಗೆ ಮೆಚ್ಚುಗೆಯಾಗುವುದು ಅನಂತರ ನಡೆದುದು. ಜಗತ್ತಿನಲ್ಲಿಯೇ ಆ ವಿಷಯದಲ್ಲಿ ಹೆಚ್ಚು ತಿಳಿದ ಕೆಲವರಲ್ಲಿ ಒಬ್ಬರಾಗಿದ್ದ ಅವರು, ತಮ್ಮ ನಂಬಿಕೆ ಉಳಿಸಿಕೊಳ್ಳಲು ವಾದ ಹೂಡದೆ, ಭೂತವೇಕೆ ಬರಲಿಲ್ಲವೆಂದು ಹುಡುಕಲು ಕುಳಿತರು. ಸುಮಾರು ಒಂದು ವರ್ಷದಲ್ಲಿ ಉತ್ತರ ಸಿದ್ಧವಾಗಿ, 1948ರಲ್ಲಿ ಮಾತೃಕೆಗಳ ಲೆಕ್ಕದಲ್ಲಿ ರೌಂಡಿಂಗ್ ದೋಷಗಳನ್ನು ಕುರಿತ ಅವರ ಲೇಖನ ಪ್ರಕಟವಾಯಿತು. ಅಮೆರಿಕದಲ್ಲಿ ಜಾನ್ ಫಾನ್ ನಾಯ್ಮನ್ ಮತ್ತು ಹರ್ಮನ್ ಗೋಲ್ಡ್‌ಸ್ಟೈನ್ ಅವರು ಇದೇ ಪ್ರಶ್ನೆಯ ಮೇಲೆ 1947ರಲ್ಲಿ ಒಂದು ದೀರ್ಘ ಲೇಖನ ಬರೆದಿದ್ದರು.

ಟ್ಯೂರಿಂಗ್ ಅವರು ತೋರಿಸಿದ್ದು ಸ್ಥೂಲವಾಗಿ ಇಷ್ಟು. ದೋಷದ ಬೆಳವಣಿಗೆ ಸಮೀಕರಣಗಳ ಎಣಿಕೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆ ಸಮೀಕರಣಗಳ ಸ್ವಭಾವವನ್ನು ನೋಡಬೇಕು. ಒಂದು ಉದಾಹರಣೆ: ಕ್ಷ ಮತ್ತು ಯ ಕೂಡಿದರೆ 2. ಕ್ಷ ಹಾಗೂ ಯದ 1.0001 ಪಟ್ಟು ಕೂಡಿದರೆ 2.0001. ಉತ್ತರ ಸುಲಭ, ಎರಡೂ ಒಂದೊಂದು. ಈಗ 2.0001 ಎಂಬುದನ್ನು 2.0002 ಎಂದು ಮಾಡಿ. ನಾಲ್ಕನೆಯ ದಶಮಾಂಶದಲ್ಲಿ ಒಂದಂಕಿ ಬದಲಾದದ್ದಕ್ಕೆ ಕ್ಷ ಸೊನ್ನೆಯಾಯಿತು, ಯ ಎರಡಾಯಿತು! ಬಹುತೇಕ ಸಮಾನಾಂತರವಾಗಿ ಎಳೆದ ಎರಡು ಗೆರೆಗಳು ಎಲ್ಲಿ ಕೂಡುತ್ತವೆಂದು ಕಣ್ಣಿನಿಂದ ಹೇಳಲಾಗದಂತೆ ಇದು. ಎಂಥ ಯಂತ್ರ ತಂದರೂ ಇಲ್ಲಿ ಭರವಸೆಯಿಲ್ಲ. ಆದರೆ ಗೆರೆಗಳು ಚೆನ್ನಾಗಿ ಅಡ್ಡ ಹಾಯುವಂತಿದ್ದರೆ ಅಲ್ಪಸ್ವಲ್ಪ ಕತ್ತರಿಸಿದರೂ ಕೇಡಿಲ್ಲ. ಈ ಸ್ವಭಾವವನ್ನು ಒಂದೇ ಸಂಖ್ಯೆಯಿಂದ ಅಳೆಯುವ ಮಾನವನ್ನು ಟ್ಯೂರಿಂಗ್ ಅವರು ಕೊಟ್ಟರು. ಕಂಡಿಷನ್ ನಂಬರ್ ಎಂದು ಅವರಿಟ್ಟ ಹೆಸರು ಇಂದಿಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಯಲ್ಲಿದೆ. ಗೌಸ್ ಕ್ರಮವನ್ನು ಎರಡು ತ್ರಿಕೋನಾಕಾರದ ಮಾತೃಕೆಗಳ ಗುಣಲಬ್ಧವಾಗಿ ಕಾಣುವ ನೋಟವೂ ಆ ಲೇಖನದಲ್ಲಿದೆ.

ಮುಂದಿನ ಕೆಲಸವನ್ನು ಶಿಷ್ಯರೆನ್ನಬಹುದಾದ ವಿಲ್ಕಿನ್ಸನ್ ಅವರೇ ಮುಂದುವರಿಸಿದರು. ಬಂದ ಉತ್ತರ ಎಷ್ಟು ತಪ್ಪು ಎಂದು ಕೇಳುವ ಬದಲು, ಆ ಉತ್ತರ ಯಾವ ಪ್ರಶ್ನೆಗೆ ಪೂರ್ತಿ ಸರಿ ಎಂದು ಕೇಳುವ ಕ್ರಮವನ್ನು ಅವರು ಬೆಳೆಸಿದರು. ಆ ಪ್ರಶ್ನೆ ನಮ್ಮ ಪ್ರಶ್ನೆಗೆ ತೀರ ಹತ್ತಿರವಿದ್ದರೆ ಯಂತ್ರ ತನ್ನ ಕರ್ತವ್ಯ ಮಾಡಿದೆ ಎಂದರ್ಥ. 1963ರಲ್ಲಿ ಇದನ್ನು ಕುರಿತು ಅವರ ಪುಸ್ತಕ ಬಂತು; 1970ರಲ್ಲಿ ಅವರಿಗೆ ಸಂದ ಪ್ರಶಸ್ತಿಯ ಹೆಸರು ಟ್ಯೂರಿಂಗ್ ಪ್ರಶಸ್ತಿ. ತೇಲುವ ಬಿಂದುವಿನ ಲೆಕ್ಕಕ್ಕೆ 1985ರಲ್ಲಿ ಎಲ್ಲ ಯಂತ್ರಗಳಿಗೂ ಸಮಾನವಾದ ಮಾನದಂಡ ರೂಪುಗೊಂಡಿತು. ಅದರ ಶಿಲ್ಪಿ ವಿಲಿಯಂ ಕಹಾನ್ ಅವರಿಗೂ 1989ರಲ್ಲಿ ಅದೇ ಪ್ರಶಸ್ತಿ ಸಂದಿತು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರಲ್ಲಿ 1000ದಿಂದ ಆರಂಭವಾಗಿತ್ತು. ಪ್ರತಿ ವ್ಯವಹಾರದ ನಂತರವೂ ಹೊಸ ಲೆಕ್ಕ. ಮೂರು ದಶಮಾಂಶದಾಚೆಗಿನದನ್ನು ಸರಿಹೊಂದಿಸದೆ ಸುಮ್ಮನೆ ಕತ್ತರಿಸಿಬಿಡುತ್ತಿದ್ದರು. ಸರಿಹೊಂದಿಸಿದ್ದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ ದೋಷಗಳು ಪರಸ್ಪರ ವಜಾ ಆಗುತ್ತಿದ್ದವು. ಕತ್ತರಿಸಿದರೆ ಸದಾ ನಷ್ಟವೇ. ದಿನಕ್ಕೆ ಸಾವಿರಾರು ಸಲ ಹೀಗಾಗಿ, ಪೇಟೆ ಚೆನ್ನಾಗಿದ್ದರೂ 1983ರ ನವೆಂಬರಿನಲ್ಲಿ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಪಡಿಸಿದಾಗ ಅದು 1098 ಆಯಿತು. ಎರಡನೆಯದು ಪ್ರಾಣಹಾನಿಯ ಕಥೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಾರದೆ ಹೋಯಿತು. 28 ಸೈನಿಕರು ಮಡಿದರು. ಆ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ದ್ವಿಮಾನ ಅಂಕಿಗಳಲ್ಲಿ ತುಂಡರಿಸಿ ಎಣಿಸುತ್ತಿತ್ತು. ನೂರು ಗಂಟೆ ನಿಲ್ಲಿಸದೆ ನಡೆಸಿದ್ದರಿಂದ ದೋಷ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಬೆಳೆದಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಮೇಲೆ ಹೇಳಿದ ಹತ್ತು ಪೈಸೆಯ ಲೆಕ್ಕವೇ ಇಲ್ಲಿಯೂ.

ಏಸ್ ಯಂತ್ರದ ವಿಳಂಬದಿಂದ ಬೇಸತ್ತ ಟ್ಯೂರಿಂಗ್ ಅವರು 1947ರಲ್ಲಿ ಟೆಡ್ಡಿಂಗ್ಟನ್ ಬಿಟ್ಟರು. ಅದೇ ವರ್ಷ ಒಂದು ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದರೆಂಬುದನ್ನೂ ಹೇಳಬೇಕು. ಆ ಮನುಷ್ಯನಿಗೆ ಕಾಲುಗಳೂ ಮೆದುಳಿನಷ್ಟೇ ಚುರುಕು. ಅವರು ಬಿಟ್ಟುಹೋದ ಯಂತ್ರದ ಕಿರಿಯ ರೂಪ 1950ರ ಮೇ ತಿಂಗಳಲ್ಲಿ ವಿಲ್ಕಿನ್ಸನ್ ಮತ್ತು ಸಂಗಡಿಗರ ಕೈಯಲ್ಲಿ ಓಡಿತು. ಟ್ಯೂರಿಂಗ್ ಅವರು ಅಷ್ಟರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದರು. ಯಂತ್ರಗಳು ಆಲೋಚಿಸಬಲ್ಲವೇ ಎಂದು ವಿಚಾರಿಸುವ ಪ್ರಸಿದ್ಧ ಪ್ರಬಂಧ ಅದೇ 1950ರದು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಪದವಿ ಬಂತು. 1952ರಲ್ಲಿ ಪ್ರಾಣಿಗಳ ಮೈಮೇಲಿನ ಚುಕ್ಕೆ, ಪಟ್ಟೆಗಳು ಹೇಗೆ ಮೂಡುತ್ತವೆ ಎಂಬ ಹೊಸ ಶಾಸ್ತ್ರಕ್ಕೂ ನಾಂದಿ ಹಾಡಿದರು.

ಅದೇ 1952ರಲ್ಲಿ ದುರಂತ ಎರಗಿತು. ಮನೆಯಲ್ಲಿ ಕಳ್ಳತನವಾಯಿತೆಂದು ಪೊಲೀಸರಿಗೆ ದೂರು ಕೊಡಲು ಹೋದವರು, ತನಿಖೆಯಲ್ಲಿ ತಮಗೆ ಒಬ್ಬ ಪುರುಷನೊಡನೆ ಸಂಬಂಧವಿತ್ತೆಂಬುದನ್ನು ಮುಚ್ಚಿಡಲಿಲ್ಲ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಅದು ಅಪರಾಧ. ಸೆರೆಮನೆಯ ಬದಲಾಗಿ ಒಂದು ವರ್ಷ ಹಾರ್ಮೋನು ಚಿಕಿತ್ಸೆಯನ್ನು ಒಪ್ಪಿಕೊಳ್ಳಬೇಕಾಯಿತು. ದೇಶವನ್ನು ಕಾಪಾಡಿದ ಗುಪ್ತಲಿಪಿಯ ಕೆಲಸದಿಂದ ಅವರನ್ನು ದೂರವಿರಿಸಲಾಯಿತು. ಅವರ ಯುದ್ಧಕಾಲದ ಸೇವೆಯೋ ಅಂದು ರಹಸ್ಯ. ನ್ಯಾಯಾಲಯದಲ್ಲಿ ಅದನ್ನು ವಿವರಿಸಿ ಹೇಳುವಂತಿರಲಿಲ್ಲ. 1954ರ ಜೂನ್ 7ರಂದು ವಿಲ್ಮ್ಸ್‌ಲೋ ಎಂಬ ಊರಿನ ತಮ್ಮ ಮನೆಯಲ್ಲಿ ಸಯನೈಡ್ ವಿಷದಿಂದ ಅವರು ಮೃತರಾದರು. ನಲವತ್ತೆರಡು ತುಂಬಲು ಹದಿನಾರು ದಿನ ಬಾಕಿಯಿತ್ತು. ಆತ್ಮಹತ್ಯೆಯೆಂದು ವಿಚಾರಣೆ ತೀರ್ಮಾನಿಸಿತು. ಪೋದನೂರಿನಲ್ಲಿ ಹುಟ್ಟಿದ ಆ ತಾಯಿ ಮಾತ್ರ, ರಾಸಾಯನಿಕ ಪ್ರಯೋಗ ಮಾಡುವಾಗಿನ ಅಜಾಗರೂಕತೆಯೆಂದೇ ನಂಬಿ, 1959ರಲ್ಲಿ ಮಗನ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

2009ರಲ್ಲಿ ಬ್ರಿಟಿಷ್ ಪ್ರಧಾನಿ ಗಾರ್ಡನ್ ಬ್ರೌನ್ ಅವರು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರ ಡಿಸೆಂಬರ್ 24ರಂದು ರಾಣಿಯವರ ಕ್ಷಮಾದಾನ ಪ್ರಕಟವಾಯಿತು. ಬ್ರಿಟಿಷರು ನಮ್ಮ ದಂಡಸಂಹಿತೆಯಲ್ಲಿ ಸೇರಿಸಿ ಹೋಗಿದ್ದ ಇಂಥದೇ ಕಲಮನ್ನು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸಲಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 2018ರ ಸೆಪ್ಟೆಂಬರ್ 6ರಂದು.

2021ರ ಜೂನ್ 23ರಂದು, ಅವರ ಜನ್ಮದಿನದಂದೇ, ಬ್ಯಾಂಕ್ ಆಫ್ ಇಂಗ್ಲೆಂಡ್ ಟ್ಯೂರಿಂಗ್ ಅವರ ಚಿತ್ರವುಳ್ಳ ಐವತ್ತು ಪೌಂಡಿನ ನೋಟನ್ನು ಚಲಾವಣೆಗೆ ತಂದಿತು. ನೋಟುಗಳನ್ನು ಎಣಿಸುವುದೇ ಉದ್ಯೋಗವಾದ ನನಗೆ ಅದರ ವಿವರಗಳನ್ನು ಓದುವುದೊಂದು ಸಂತೋಷ. 1936ರ ಲೇಖನದ ಒಂದು ಕೋಷ್ಟಕವೂ, ಏಸ್ ಯಂತ್ರದ ಕಿರಿಯ ರೂಪದ ಚಿತ್ರವೂ ಅದರಲ್ಲಿವೆ. ಜೊತೆಗೆ ಒಂದು ಉದ್ದನೆಯ ಪಟ್ಟಿಯ ಮೇಲೆ ಅವರ ಹುಟ್ಟಿದ ತಾರೀಖು, 23061912 ಎಂಬ ಸಂಖ್ಯೆಯಾಗಿ, ದ್ವಿಮಾನ ಲಿಪಿಯಲ್ಲಿ ಅಚ್ಚಾಗಿದೆ. ಪೂರ್ಣಾಂಕವಾದ್ದರಿಂದ ಒಂದಂಕಿಯನ್ನೂ ಬಿಡಬೇಕಾಗಿ ಬಂದಿಲ್ಲ.